ಘಟ್ಟ ಇಳಿಯುವ ದಾರಿಗಳು: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಚರಿತ್ರೆ

ಮೈಸೂರು ಪ್ರಸ್ಥಭೂಮಿಯ ದಕ್ಷಿಣದ ಅಂಚು ಚಾಮರಾಜನಗರ ಜಿಲ್ಲೆ. ಗುಂಡ್ಲುಪೇಟೆಯ ಹೊಲಗಳು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿವೆ. ಅವುಗಳಾಚೆ ಬಂಡೀಪುರದ ಕಾಡು, ಕಾಡಿನಂಚಿಗೆ ಮೋಯಾರ್ ನದಿ ಕೊರೆದ ಆಳವಾದ ಕಮರಿ, ಕಮರಿಯಾಚೆ ಒಮ್ಮೆಲೇ ಮೇಲೇಳುವ ನೀಲಗಿರಿ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು ಉತ್ತರ–ದಕ್ಷಿಣವಾಗಿ ಹಬ್ಬಿದೆ. ಅದರ ಕತ್ತರಿ ಬೆಟ್ಟ 1,800 ಮೀಟರ್ ಮುಟ್ಟುತ್ತದೆ. ಇನ್ನೂ ಪೂರ್ವಕ್ಕೆ ಹೋದರೆ ಮಾದಪ್ಪನ ಎಪ್ಪತ್ತೇಳು ಮಲೆ. ಇಲ್ಲಿಂದ ಕೊಂಗುನಾಡಿಗೋ ಮಲೆಯಾಳಕ್ಕೋ ಹೋಗುವವರಿಗೆ ಬೇಕಾಗಿದ್ದುದು ಶಿಖರವಲ್ಲ, ಶಿಖರಗಳ ನಡುವಿನ ಸಂದು. ದೇವರಿಗೆ ಹರಕೆ ಹೊತ್ತವರನ್ನು ಬಿಟ್ಟರೆ ಬೆಟ್ಟದ ತುದಿಗೆ ಹೋಗುವ ಕೆಲಸ ಯಾರಿಗೂ ಇರಲಿಲ್ಲ.

ದಾರಿಯ ಆಯ್ಕೆ ಲೆಕ್ಕಾಚಾರದ ಕೆಲಸ. ಹೇರು ಹೊತ್ತ ಎತ್ತು ಹತ್ತಬಲ್ಲ ಏರು, ಸಂಜೆಗೆ ಇಳಿದುಕೊಳ್ಳುವಲ್ಲಿ ನೀರು, ಎತ್ತುಗಳಿಗೆ ಮೇವು, ಈ ಮೂರೂ ಕೂಡಿಬರಬೇಕು. ಇವುಗಳ ಮೇಲೆ ಕಾಡಿನ ಜ್ವರದ ಭಯ. ಮಲೇರಿಯಾ ಎಂಬ ಹೆಸರು ಬರುವ ಮೊದಲೇ, ಕಣಿವೆಯ ತಳದಲ್ಲಿ ರಾತ್ರಿ ಕಳೆಯಬಾರದು ಎಂಬುದು ಘಟ್ಟ ಇಳಿಯುವವರಿಗೆಲ್ಲ ಗೊತ್ತಿತ್ತು. ಈ ಲೆಕ್ಕವನ್ನು ಮನುಷ್ಯರಿಗಿಂತ ಮೊದಲು ಮಾಡಿದ್ದು ಆನೆ. ತಲೆಮಾರುಗಳಿಂದ ಒಂದೇ ಜಾಡು ಹಿಡಿದು ನೀರಿನಿಂದ ನೀರಿಗೆ ನಡೆಯುವ ಹಿಂಡು ಬೆಟ್ಟದ ಮೈಯಲ್ಲಿ ಸುಲಭದ ಏರನ್ನೇ ಆರಿಸಿಕೊಂಡಿರುತ್ತದೆ. ಹಳೆಯ ಕಾಲುದಾರಿಗಳಲ್ಲಿ ಬಹಳಷ್ಟು ಮೊದಲು ಆನೆದಾರಿಗಳು ಎಂಬುದು ಈ ಸೀಮೆಯ ಕಾಡು ಬಲ್ಲವರ ತಿಳಿವಳಿಕೆ. ಅದನ್ನು ಅನುಮಾನಿಸಲು ಕಾರಣವಿಲ್ಲ.

ಬರವಣಿಗೆಯಲ್ಲಿ ಉಳಿದಿರುವ ಮೊದಲ ಗಟ್ಟಿ ಸುಳಿವು 1117ರದು. ಅದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಶಾಸನ, ಇರುವುದು ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ. ಪುಣಿಸ ತೊದವರನ್ನು ಬೆದರಿಸಿದ, ಕೊಂಗರನ್ನು ಅಡಗಿಸಿದ, ನೀಲಾದ್ರಿಯನ್ನು ಗೆದ್ದ ಎಂದು ಅದು ಸಾರುತ್ತದೆ. ನೀಲಗಿರಿಯ ತೊದವರ ಹೆಸರು ದಾಖಲೆಗೆ ಬಂದ ಅತ್ಯಂತ ಹಳೆಯ ಶಾಸನಗಳಲ್ಲಿ ಇದೂ ಒಂದು. ಹೊಗಳಿಕೆಯ ಭಾಗವನ್ನು ಬದಿಗಿಟ್ಟರೂ ಒಂದು ಸಂಗತಿ ಉಳಿಯುತ್ತದೆ: ಆಗ ಅರಿಕುಠಾರ ಎನಿಸಿಕೊಂಡಿದ್ದ ಈ ಊರಿನ ಕಡೆಯಿಂದ ದಂಡು ನೀಲಗಿರಿಯ ತಪ್ಪಲು ಮುಟ್ಟುವಷ್ಟು ದಾರಿ ಇತ್ತು.

ಇನ್ನೂರು ವರ್ಷಗಳ ನಂತರ ಆ ದಾರಿಯ ಎರಡು ತುದಿಗಳು ಸ್ಪಷ್ಟವಾಗುತ್ತವೆ. ಪದಿನಾಲ್ಕುನಾಡನ್ನು ತೆರಕಣಾಂಬಿಯಿಂದ ಆಳುತ್ತಿದ್ದ ಮಾಧವ ದಂಡನಾಯಕ 1315ರ ಹೊತ್ತಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಯನ್ನು ಕಟ್ಟಿಸಿದ. 1,454 ಮೀಟರ್ ಎತ್ತರದ ಆ ಬೆಟ್ಟದಿಂದ ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಬಂಡೀಪುರದ ಕಾಡೂ ನೀಲಗಿರಿಯ ಸಾಲೂ ಒಟ್ಟಿಗೆ ಕಾಣುತ್ತವೆ. ಗಡಿನಾಡಿನ ದಂಡನಾಯಕ ಗುಡಿಗೆ ಈ ಜಾಗವನ್ನೇ ಆರಿಸಿದ್ದು ಭಕ್ತಿಯೊಂದರಿಂದಲೇ ಇರಲಾರದು. ಇನ್ನೊಂದು ತುದಿ ಘಟ್ಟದ ಕೆಳಗೆ, ಭವಾನಿ ನದಿಯ ಬಳಿ ಇದ್ದ ದಣಾಯಕನ ಕೋಟೆ. ಈ ದಂಡನಾಯಕರ ಮನೆತನದಿಂದಲೇ ಕೋಟೆಗೆ ಹೆಸರು ಬಂದದ್ದು. ಇಂದು ಅದು ಭವಾನಿಸಾಗರದ ನೀರಿನಡಿ ಇದೆ; ಬೇಸಿಗೆಯಲ್ಲಿ ಜಲಾಶಯ ತೀರ ಇಳಿದಾಗ ಅಲ್ಲಿನ ಮಾಧವರಾಯ ಪೆರುಮಾಳ್ ಗುಡಿ ಮೇಲೆ ಕಾಣಿಸುತ್ತದೆ.

ತುದಿಗಳೆರಡನ್ನೂ ಜೋಡಿಸಿದ್ದು ಗಜಲಹಟ್ಟಿ ಕಣಿವೆ. ಚಾಮರಾಜನಗರದ ಕಡೆಯಿಂದ ತಾಳಮಲೆ ದಾಟಿ ಮೋಯಾರ್ ಹೊಳೆಗೆ ಇಳಿದು, ಹೊಳೆಯ ಗುಂಟ ದಣಾಯಕನ ಕೋಟೆ, ಅಲ್ಲಿಂದ ಸತ್ಯಮಂಗಲ ಮತ್ತು ಕೊಯಮತ್ತೂರು. ಶ್ರೀರಂಗಪಟ್ಟಣದಿಂದ ಕೊಂಗುನಾಡಿಗೆ ಇದಕ್ಕಿಂತ ನೇರವಾದ ದಾರಿ ಇರಲಿಲ್ಲ. ಹೈದರನೂ ಟಿಪ್ಪುವೂ ಇದನ್ನು ಮನೆಯ ಹಿತ್ತಿಲ ಬಾಗಿಲಿನಂತೆ ಬಳಸಿದರು.

ಈ ಕಣಿವೆಯ ಬೆಲೆ ಎದುರಾಳಿಗೂ ತಿಳಿದಿತ್ತು. ಮೂರನೆಯ ಮೈಸೂರು ಯುದ್ಧ ಶುರುವಾದಾಗ, 1790ರಲ್ಲಿ, ಇಂಗ್ಲಿಷರ ಜನರಲ್ ಮೆಡೋಸ್ ಹಾಕಿದ ಯೋಜನೆ ಇಷ್ಟು: ಕೊಯಮತ್ತೂರು ಸೀಮೆಯ ಕೋಟೆಗಳನ್ನು ಹಿಡಿದು ದವಸ ಕೂಡಿಹಾಕುವುದು, ಆಮೇಲೆ ಗಜಲಹಟ್ಟಿ ಹತ್ತಿ ಮೈಸೂರಿಗೆ ನುಗ್ಗುವುದು. ಕರ್ನಲ್ ಫ್ಲಾಯ್ಡ್ ಸತ್ಯಮಂಗಲವನ್ನು ಹಿಡಿದು ಕಣಿವೆಯ ಬಾಯಿ ಕಾಯುತ್ತ ಕುಳಿತ. ಹತ್ತುವವರು ಸಿದ್ಧವಾಗುವ ಮೊದಲೇ ಇಳಿಯುವವರು ಬಂದರು. ಸೆಪ್ಟೆಂಬರ್ ಮೊದಲ ಭಾಗದಲ್ಲಿ ಟಿಪ್ಪು ಅದೇ ಕಣಿವೆಯಿಂದ ತನ್ನ ದಂಡನ್ನು ಇಳಿಸಿದ. 13ರಂದು ಸತ್ಯಮಂಗಲದ ಬಳಿ ಕಾಳಗವಾಯಿತು, ಫ್ಲಾಯ್ಡ್ ಹಿಮ್ಮೆಟ್ಟಿದ. ಮರುವರ್ಷ ಸೇನೆಯ ಹೊಣೆ ಹೊತ್ತ ಕಾರ್ನ್‌ವಾಲಿಸ್ ಈ ದಾರಿಯ ಆಸೆಯನ್ನೇ ಬಿಟ್ಟು, ವೆಲ್ಲೂರಿನ ಕಡೆಯಿಂದ ಮೊಗಲಿ ಘಟ್ಟ ಹತ್ತಿ 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದ. ಕಡಿದಾದ ಕಣಿವೆ ಇಳಿಯುವವನಿಗೆ ಒದಗುವಷ್ಟು ಹತ್ತುವವನಿಗೆ ಒದಗುವುದಿಲ್ಲ. ಅದರಲ್ಲೂ ಹತ್ತುವವನ ಬೆನ್ನಿಗೆ ಫಿರಂಗಿಗಳೂ ದವಸದ ಎತ್ತುಗಳೂ ಇದ್ದರೆ ಮುಗಿದೇ ಹೋಯಿತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಕಂಪನಿಗೆ, ಮೈಸೂರು ಒಡೆಯರಿಗೆ ಹೋಯಿತು. ಕಣಿವೆಯ ದಂಡಿನ ಕೆಲಸ ಅಲ್ಲಿಗೆ ತೀರಿತು. ಕಾಲಕ್ರಮದಲ್ಲಿ ಸಂಚಾರವೆಲ್ಲ ಹಾಸನೂರು–ದಿಂಬಂ ದಾರಿಗೆ ಹೊರಳಿತು; ಇಪ್ಪತ್ತೇಳು ತಿರುವುಗಳ ಆ ಘಟ್ಟವೇ ಇಂದಿನ ಚಾಮರಾಜನಗರ–ಸತ್ಯಮಂಗಲ ಹೆದ್ದಾರಿ. ಗಜಲಹಟ್ಟಿ ಮತ್ತೆ ಆನೆಗಳ ಪಾಲಾಯಿತು.

ಅದೇ ಹೊತ್ತಿಗೆ ಬೆಟ್ಟದ ತುದಿಗೆ ದೇವರಲ್ಲದೆ ಬೇರೊಂದು ಉಪಯೋಗ ಹುಟ್ಟಿತು. ಮೈಸೂರು ಸಂಸ್ಥಾನದ ಅಳತೆಗೆ ಕಾಲಿನ್ ಮೆಕೆಂಜಿ, ತ್ರಿಕೋನ ಸರ್ವೆಗೆ ವಿಲಿಯಂ ಲ್ಯಾಂಬ್ಟನ್ ತೊಡಗಿದ್ದರು. ಒಂದು ತುದಿಯಿಂದ ಇನ್ನೊಂದು ತುದಿ ಕಾಣಿಸಿದರೆ ಮಾತ್ರ ಆ ಅಳತೆ ಮುಂದೆ ಸಾಗುವಂಥದು. ನೀಲಗಿರಿಯ ಮೇಲ್ಭಾಗವನ್ನು ಅಳೆಯಲು 1812ರಲ್ಲಿ ಸರ್ವೆಯರ್ ಕೀಸ್ ಹೊರಟದ್ದು ದಣಾಯಕನ ಕೋಟೆಯ ಕಡೆಯಿಂದಲೇ. 1819ರಲ್ಲಿ ಕೊಯಮತ್ತೂರು ಕಲೆಕ್ಟರ್ ಜಾನ್ ಸಲ್ಲಿವನ್ ಮೇಲೆ ಹೋದ ಬಳಿಕ ಊಟಿ ಬೆಳೆಯಿತು, ಗುಂಡ್ಲುಪೇಟೆಯ ಹಣೆಬರಹವೂ ಬದಲಾಯಿತು. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಪರವಾಸುದೇವರ ಗುಡಿ ಕಟ್ಟಿಸಿದ ಊರು ಈಗ ಊಟಿಗೆ ಹೋಗುವವರ ತಂಗುದಾಣವಾಯಿತು. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತಿತ್ತು: ಗೂಡಲೂರಿನ ಮೇಲೆ ಸುತ್ತಿಹೋಗುವ ಸಲೀಸಿನ ದಾರಿ ಒಂದು, ಸೀಗೂರು–ಕಲ್ಲಟ್ಟಿಯ ಮೇಲೆ ಅದರ ಹೆಚ್ಚುಕಡಿಮೆ ಅರ್ಧದಷ್ಟು ದೂರದ ಕಡಿದಾದ ದಾರಿ ಇನ್ನೊಂದು. ಇಂದಿಗೂ ಚಾಲಕರು ಇವೆರಡರ ನಡುವೆಯೇ ಆರಿಸಿಕೊಳ್ಳುತ್ತಾರೆ.

ಪೂರ್ವದ ಕಥೆ ಬೇರೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಹಳೆಯ ದಾರಿ ಹನೂರು, ಕೌದಳ್ಳಿ, ಮಾರ್ಟಳ್ಳಿಯ ಮೇಲೆ ಕಾವೇರಿಪುರಕ್ಕೆ ಇಳಿಯುತ್ತಿತ್ತು; 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಂಗುನಾಡಿಗೆ ಹೋದದ್ದು ಹೀಗೆಯೇ. ಇಲ್ಲಿ ದಾರಿಗಳನ್ನು ಸವೆಸಿದ್ದು ದಂಡಿಗಿಂತ ಹೆಚ್ಚಾಗಿ ಪರಸೆ. ತಾಳಬೆಟ್ಟದಲ್ಲಿ ನಿಂತು ಕೈಮುಗಿದು, ತಲೆಯ ಮೇಲೆ ಅಕ್ಕಿಬೇಳೆಯ ಗಂಟು ಹೊತ್ತು, ಉಘೇ ಮಾದಪ್ಪ ಎನ್ನುತ್ತ ಏರುವ ಜನ ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಇಂದಿಗೂ ಇದ್ದಾರೆ. ಬಸ್ಸು ಬಂದ ಮೇಲೂ ಕಾಲುದಾರಿ ಅಳಿಯದೆ ಉಳಿದಿರುವುದು ಈ ಜಿಲ್ಲೆಯಲ್ಲಿ ಮುಖ್ಯವಾಗಿ ಇಲ್ಲೇ.

ಬಿಳಿಗಿರಿಯ ಒಳದಾರಿಗಳನ್ನು ಬಲ್ಲವರು ಸೋಲಿಗರು. ಆನೆ ಹಿಡಿಸುವ ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಹೂಡಿದಾಗಲೂ ಜಾಡು ಹಿಡಿಯಲು ಕಾಡಿನ ಜನರೇ ಬೇಕಾದರು. ಸೋಲಿಗರ ಪ್ರತಿ ಕುಲಕ್ಕೂ ತನ್ನದೇ ಎಲ್ಲೆ ಉಂಟು. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಳಗಳು. ಒಂದು ಪೋಡಿನಿಂದ, ಎಂದರೆ ಹಾಡಿಯಿಂದ, ಇನ್ನೊಂದಕ್ಕೆ ಹೋಗುವವರಿಗೆ ಇವೇ ಗುರುತುಗಳು. ನೆಲದ ತರಗಿಗೆ ಹೊತ್ತಿಗೆ ಸರಿಯಾಗಿ ಇಡುತ್ತಿದ್ದ ಸಣ್ಣ ಬೆಂಕಿ ಈ ದಾರಿಗಳನ್ನು ತೆರವಾಗಿಡುತ್ತಿತ್ತು. 1974ರಲ್ಲಿ ಈ ಕಾಡು ಅಭಯಾರಣ್ಯವಾದ ಮೇಲೆ ಪೋಡುಗಳು ಸ್ಥಳಾಂತರಗೊಂಡವು, ಬೆಂಕಿ ನಿಂತಿತು, ಲಾಂಟಾನ ಹಬ್ಬಿ ದಾರಿ ಮುಚ್ಚಿತು ಎನ್ನುವುದು ಸೋಲಿಗರ ವಿವರಣೆ, ಅದಕ್ಕೆ ತೂಕವಿದೆ. ಇತ್ತೀಚೆಗೆ ಹಿರಿಯರ ಜೊತೆ ನಡೆದು ಜಿಪಿಎಸ್ ಹಿಡಿದು ಈ ಪೂಜಾಸ್ಥಳಗಳ ನಕ್ಷೆ ಮಾಡಲಾಗಿದೆ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು.

20ನೆಯ ಶತಮಾನದ ಕೊನೆಗೆ ಕಾಡಿನ ಕಾಲುದಾರಿಗಳು ಕಾಡುಗಳ್ಳ ವೀರಪ್ಪನ್ ಹೆಸರಿನೊಂದಿಗೆ ಸುದ್ದಿಯಾದವು. 1993ರ ಏಪ್ರಿಲ್‌ನ ಪಾಲಾರ್ ಸ್ಫೋಟದಿಂದ 2004ರ ಅಕ್ಟೋಬರ್‌ನಲ್ಲಿ ಅವನು ಸಾಯುವವರೆಗೆ ಮಲೆಯ ದಾರಿಗಳಲ್ಲಿ ಸಂಜೆಯ ಮೇಲೆ ಓಡಾಟ ವಿರಳವಾಗಿತ್ತು.

ಈಗ ರಾತ್ರಿ ತಡೆ ಇರುವುದು ವಾಹನಗಳಿಗೆ. ಬಂಡೀಪುರದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸುವ ಕ್ರಮವನ್ನು 2009ರಲ್ಲಿ ಜಿಲ್ಲಾಡಳಿತ ತಂದಿತು, 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೇರಳಕ್ಕೆ ಹೋಗುವವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲಿನ ಸುತ್ತುದಾರಿ ಇದೆ. ದಿಂಬಂ ಘಟ್ಟದಲ್ಲೂ 2022ರಲ್ಲಿ ಮದ್ರಾಸ್ ಹೈಕೋರ್ಟ್ ರಾತ್ರಿ ಸಂಚಾರಕ್ಕೆ ನಿರ್ಬಂಧ ಹೇರಿತು. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಹೋಗಬೇಕು. ಮಾದಪ್ಪನ ಬೆಟ್ಟದಿಂದ ಇಂಡಿಗನತ್ತದ ಮೇಲೆ ನಾಗಮಲೆಗೆ ಹೋಗುವ ಕಾಲುದಾರಿಯಲ್ಲಿ ಚಾರಣಿಗರ ಸಂಖ್ಯೆ ಮಿತಿಮೀರಿದ್ದರಿಂದ ಅರಣ್ಯ ಇಲಾಖೆ 2024ರಲ್ಲಿ ಅಲ್ಲಿ ಚಾರಣವನ್ನು ತಡೆಹಿಡಿಯಿತು.