ಬೂದಿ, ಹುಣಿಸೆ, ನೀರು

ಚಾಮರಾಜನಗರ, ಗುಂಡ್ಲುಪೇಟೆಗಳ ಪೂರ್ವಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಅರಸುಮನೆತನದಿಂದಲೇ ಆರಂಭಿಸುವರು. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು, ಅಲ್ಲಿ ಜನಿಸಿದ ತಮ್ಮ ತಂದೆಯವರ ನೆನಪಿಗಾಗಿ, 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು; 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿದ್ದಿತು. ಈ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ದಾನಿಗಳ ಹೆಸರು, ಭೂಮಿಯ ಎಲ್ಲೆಕಟ್ಟು, ಧರ್ಮವನ್ನು ಕೆಡಿಸಿದವರಿಗೆ ಶಾಪ, ಇವೆಲ್ಲ ಕಲ್ಲಿನಲ್ಲಿ ನಿಂತಿವೆ. ಆ ದಾನದ ಅನ್ನ ಬೆಂದ ಪಾತ್ರೆಯನ್ನು ತೊಳೆದು ಮರುದಿನಕ್ಕೆ ಅಣಿಮಾಡಿದವರ ಹೆಸರು ಮಾತ್ರ ಕಲ್ಲಿಗೆ ಏರುವಂಥದಲ್ಲ. ಈ ದಿನ ನಾವು ಆ ಕೆಲಸವನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿರುವೆವು. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಪ್ರತಿ ಮನೆಯಲ್ಲಿಯೂ, ಪ್ರತಿ ದಿನವೂ, ಎರಡು ಮೂರು ಹೊತ್ತು ತಪ್ಪದೆ ನಡೆದುಬಂದ ಕೆಲಸವು ಅಲ್ಪವಾಗುವುದಾದರೂ ಹೇಗೆ?

ಮೊದಲು ನೆಲವನ್ನು ನೋಡೋಣ. ಗುಂಡ್ಲುಪೇಟೆಯ ಸೀಮೆ ನೀಲಗಿರಿಯ ಮಳೆಯ ಮರೆಯಲ್ಲಿದೆ. ಬೆಟ್ಟದ ಆಚೆಗೆ ಮುಂಗಾರು ಧಾರಾಕಾರವಾಗಿ ಸುರಿಯುತ್ತಿರುವಾಗ ಈಚೆಯ ಹೊಲಗಳಿಗೆ ಬರುವುದು ತುಂತುರು ಮಾತ್ರ. ವರ್ಷದ ಮಳೆ ಸುಮಾರು 30 ಅಂಗುಲ. ಅದೂ ಹೆಚ್ಚಾಗಿ ವೈಶಾಖದ ಆಚೀಚೆಗೆ ಒಂದು ಪಾಲು, ಆಶ್ವಯುಜದ ಹೊತ್ತಿಗೆ ಒಂದು ಪಾಲು. ರಾಗಿ, ಜೋಳಗಳ ಈ ನಾಡಿನಲ್ಲಿ ನೀರನ್ನು ಬಾವಿಯಿಂದ ಸೇದಿ, ಸೊಂಟದಲ್ಲಿ ಹೊತ್ತು ತರಬೇಕಾಗಿತ್ತು. ಹೊತ್ತು ತಂದ ಕೊಡದ ನೀರನ್ನು ಹೊತ್ತವಳು ಸುಮ್ಮನೆ ಚೆಲ್ಲುವುದಿಲ್ಲ. ಪಾತ್ರೆ ತೊಳೆಯುವ ನಮ್ಮ ಹಳೆಯ ಕ್ರಮವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರುವುದೆಂದು ನಮಗೆ ತೋರುತ್ತದೆ.

ಆ ಕ್ರಮ ಹೀಗಿತ್ತು. ಹಿಟ್ಟು ಬೇಯಿಸಿದ ಗಡಿಗೆಯ ತಳದಲ್ಲಿ ಸೀಕು ಹತ್ತಿರುವುದಷ್ಟೆ. ಅದನ್ನು ಒಡನೆಯೇ ಕೆರೆಯದೆ ನೀರು ಹೊಯ್ದು ನೆನೆಯಲು ಬಿಡುವರು. ನೆನೆದು ಸಡಿಲವಾದ ಮೇಲೆ ಆ ಮೊದಲ ನೀರನ್ನು ಕಲಗಚ್ಚಿನ ಬಾನಿಗೆ ಬಸಿಯುವರು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿಯ ಸಿಪ್ಪೆ, ಎಲ್ಲವೂ ಸೇರುವುದು ಅಲ್ಲಿಗೇ. ಅದು ಹಸುವಿನ, ಎಮ್ಮೆಯ ಪಾಲು. ಎರಡನೆಯ ಸಲ ಬೂದಿಯಿಂದ ಉಜ್ಜಿ ತೊಳೆದ ನೀರು ಹಿತ್ತಲಿನ ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿಯುವುದು. ಕೊನೆಯ ತಿಳಿನೀರಿನಿಂದ ಇನ್ನೊಂದು ಪಾತ್ರೆಗೆ ಮೊದಲ ತೊಳೆತವಾಗುವುದು. ಒಂದೇ ಕೊಡದ ನೀರು ಮೂವರಿಗೆ ಊಟವಿಕ್ಕಿದಂತಾಯಿತು. ಇದನ್ನು ಜಿಪುಣತನವೆನ್ನಬಾರದು, ಲೆಕ್ಕವೆನ್ನಬೇಕು.

ಇನ್ನು ಉಜ್ಜುವ ಪದಾರ್ಥಗಳ ವಿಚಾರ. ಒಲೆಯ ಬೂದಿಯನ್ನು ಜರಡಿ ಹಿಡಿದು, ಇದ್ದಿಲಿನ ಚೂರನ್ನೂ ಹರಳನ್ನೂ ತೆಗೆದು, ತೆಂಗಿನ ನಾರಿನಿಂದ ಉಜ್ಜುವರು. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವುಂಟು. ಅದು ನೀರಿನಲ್ಲಿ ಕರಗಿ, ಎಣ್ಣೆ ತುಪ್ಪಗಳ ಜಿಡ್ಡಿನೊಡನೆ ಕೂಡಿ, ತಕ್ಕಮಟ್ಟಿಗೆ ಸಾಬೂನಿನ ಗುಣವನ್ನೇ ಪಡೆಯುವುದು. ಬೂದಿಯ ನಯವಾದ ಕಣಗಳು ಕರೆಯನ್ನು ಉಜ್ಜಿ ತೆಗೆಯುವುವು. ತಾಮ್ರ, ಹಿತ್ತಾಳೆಗಳ ಕಪ್ಪಿಗೆ ಹುಣಿಸೆಯ ಹಣ್ಣು ಬೇಕು. ಅದರ ಟಾರ್ಟಾರಿಕ್ ಆಮ್ಲವು ಲೋಹದ ಮೇಲೆ ಕಟ್ಟಿದ ಮಸಿಯ ಪದರವನ್ನು ಕರಗಿಸುವುದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಕ್ಷಾರ, ಆಮ್ಲ, ನೀರುಗಳಿಂದ ಯಥೋಚಿತವಾಗಿ ಶುದ್ಧಿಮಾಡಬೇಕೆಂದು ಹೇಳಿದೆ. ಮಣ್ಣಿನ ಪಾತ್ರೆಯನ್ನು ಮತ್ತೆ ಸುಡಬೇಕೆಂದಿದೆ. ಶಾಸ್ತ್ರಕಾರನು ಬರೆದುದೂ ಅಜ್ಜಿ ಮಾಡಿದುದೂ ಇಲ್ಲಿ ಒಂದೇ ಆಗಿವೆ. ಶಾಸ್ತ್ರವನ್ನು ನೋಡಿ ಅಜ್ಜಿ ಕಲಿತಳೆನ್ನುವುದಕ್ಕಿಂತ, ಅಜ್ಜಿಯರನ್ನು ನೋಡಿ ಶಾಸ್ತ್ರ ಬರೆದರೆನ್ನುವುದೇ ಹೆಚ್ಚು ಯುಕ್ತವೆಂದು ತೋರುತ್ತದೆ.

ಹುಣಿಸೆಯಿಂದ ಪಾತ್ರೆ ಬೆಳಗುವುದು ಒಳ್ಳೆಯದು. ಅದೇ ಹುಣಿಸೆಯ ಸಾರು ತಾಮ್ರ ಹಿತ್ತಾಳೆಗಳಲ್ಲಿ ನಿಂತರೆ ಕಿಲುಬೇರಿ ವಿಷವಾಗುವುದು. ಆದಕಾರಣ ಒಳಗಡೆಗೆ ಕಲಾಯಿ ಬೇಕಾಯಿತು. ಕಲಾಯಿಯವನು ತಿದಿಯನ್ನು ಹೊತ್ತು ಬೀದಿಗೆ ಬಂದು, ನೆಲದಲ್ಲಿ ಕುಳಿ ತೋಡಿ, ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸುವನು. 232 ಡಿಗ್ರಿ ಸೆಂಟಿಗ್ರೇಡಿಗೆ ತವರ ಕರಗಿ, ಅರಳೆಯ ಒಂದು ಬೀಸಿಗೆ ಪಾತ್ರೆಯ ಒಳಗೆಲ್ಲ ಬೆಳ್ಳಿಯಂತೆ ಹರಡುವುದು. ಈ ತೆಳುವಾದ ಪದರ ಸವೆಯದಂತೆ ಒಳಗನ್ನು ಮೆಲ್ಲಗೆ, ಹೊರಗನ್ನು ಬಲವಾಗಿ ಉಜ್ಜಬೇಕೆಂಬ ಭೇದವನ್ನು ಹುಡುಗಿಯರು ಎಳವೆಯಲ್ಲಿಯೇ ಕಲಿಯುತ್ತಿದ್ದರು.

ಜಿಡ್ಡಿನ ಪಾತ್ರೆಗೆ ಬೂದಿಯೊಡನೆ ಸೀಗೆಯ ಪುಡಿಯನ್ನು ಬೆರೆಸುವುದೂ, ನಾಜೂಕಾದ ಒಡವೆ ವಸ್ತ್ರಗಳಿಗೆ ಅಂಟುವಾಳದ ನೊರೆಯನ್ನು ಬಳಸುವುದೂ ಉಂಟು. ಇವೆರಡೂ ಕಾಡಿನ ಕಾಯಿಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಗಳೊಡನೆ ಇವನ್ನೂ ಆಯ್ದು ತರುತ್ತಿದ್ದರು. ಮಾರಾಟಕ್ಕಾಗಿ ಆಯುವುದನ್ನು 2006ರಲ್ಲಿ ಅಲ್ಲಿ ನಿಷೇಧಿಸಲಾಯಿತು. ಅರಣ್ಯಹಕ್ಕುಗಳ ಕಾಯಿದೆಯ ಮೇರೆಗೆ 2011ರಲ್ಲಿ ಅವರ ಸಮುದಾಯದ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಪೇಟೆಯ ಬಚ್ಚಲಿನ ಒಂದು ಹಿಡಿ ಪುಡಿಯ ಹಿಂದೆ ಕಾಡಿನವರ ಜೀವನವೂ ಅವರ ವ್ಯಾಜ್ಯವೂ ಇರುವುದನ್ನು ಪಟ್ಟಣವಾಸಿಗಳಾದ ನಾವು ಮರೆಯಲಾಗದು.

ಈ ಪದ್ಧತಿ ಬದಲಾದುದು ಹೇಗೆ? ಬೂದಿ ಕೆಟ್ಟದ್ದೆಂದು ಯಾರೋ ತೀರ್ಮಾನಿಸಿದುದರಿಂದಲ್ಲ. ಮೊದಲು ಬದಲಾದುದು ಲೋಹ. 1898ರ ಸುಮಾರಿಗೆ ಮದರಾಸಿನಲ್ಲಿ ಆಲ್‌ಫ್ರೆಡ್ ಚ್ಯಾಟರ್ಟನ್ನರು ಅಲ್ಯುಮಿನಿಯಂ ಪಾತ್ರೆಗಳ ಕೆಲಸವನ್ನು ಆರಂಭಿಸಿದರು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಡೈರೆಕ್ಟರಾದರು. ಅಲ್ಯುಮಿನಿಯಮ್ಮಿಗೂ ಬೂದಿಗೂ ಒಗ್ಗದು. ಕ್ಷಾರ ತಾಗಿದರೆ ಅದರ ಹೊಳಪು ಕುಂದಿ ಮೈ ಸವೆಯುವುದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯವರು ತುಕ್ಕು ಹಿಡಿಯದ ಉಕ್ಕನ್ನು ಎರಕಹೊಯ್ದರು. ಸ್ವಾತಂತ್ರ್ಯಾನಂತರ ಆ ಉಕ್ಕು ನಮ್ಮ ಅಡಿಗೆಮನೆಗಳನ್ನು ತುಂಬಿದಾಗ ಕಲಾಯಿಯವನಿಗೂ ಹುಣಿಸೆಗೂ ಕೆಲಸ ತಪ್ಪಿತು. 1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದಮೇಲೆ ಪಟ್ಟಣದ ಸರಕಿಗೆ ದಾರಿ ಸಲೀಸಾಯಿತು.

ಕೊನೆಗೆ ಬದಲಾದುದು ಒಲೆ. 1973ರಲ್ಲಿ ಬಂಡೀಪುರವು ಹುಲಿಯೋಜನೆಗೆ ಸೇರಿದ ಮೇಲೆ ಕಾಡಿನ ಸೌದೆಗೆ ಕಟ್ಟುಪಾಡು ಬಿಗಿಯಾಯಿತು. 2016ರಲ್ಲಿ ಆರಂಭವಾದ ಉಜ್ಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂದಿತು. ಹೆಂಗಸರ ಕಣ್ಣಿನ ಹೊಗೆ ತಗ್ಗಿದುದು ದೊಡ್ಡ ಲಾಭವೇ ಸರಿ. ಆದರೆ ಹೊಗೆಯಿಲ್ಲದ ಒಲೆಯಲ್ಲಿ ಬೂದಿಯೂ ಇಲ್ಲ. ಬೂದಿಯ ಸ್ಥಾನಕ್ಕೆ ಅಂಗಡಿಯ ಸಾಬೂನು ಬಂದಿತು. ಇಂಗ್ಲೆಂಡಿನ ಲೀವರ್ ಸಹೋದರರು 1904ರಲ್ಲಿ ವಿಮ್ ಎಂಬ ಉಜ್ಜುವ ಪುಡಿಯನ್ನು ಹೊರತಂದಿದ್ದರು. ನಮ್ಮ ದೇಶದಲ್ಲಿ 1993ರಲ್ಲಿ ಅದು ಬಿಲ್ಲೆಯಾಯಿತು. ಬಚ್ಚಲ ಕಲ್ಲಿನ ಬಳಿ ಕುಳಿತು, ನಾರನ್ನು ಬಿಲ್ಲೆಗೆ ಒಮ್ಮೆ ಒರಸಿ, ಒಂದು ತಂಬಿಗೆ ನೀರಿನಲ್ಲಿ ಕೆಲಸ ಮುಗಿಸುವ ನಮ್ಮ ಹೆಂಗಸರ ಅಭ್ಯಾಸಕ್ಕೆ ಅದು ಚೆನ್ನಾಗಿ ಹೊಂದಿಕೊಂಡಿತು. ಒಂದು ನಷ್ಟವಂತೂ ಉಂಟು. ಸಾಬೂನು ಬೆರೆತ ನೀರನ್ನು ಹಸು ಕುಡಿಯಲಾಗದು. ಮೂವರಿಗೆ ಊಟವಿಕ್ಕುತ್ತಿದ್ದ ಕೊಡದ ನೀರು ಈಗ ನೇರವಾಗಿ ಚರಂಡಿಗೆ ಸೇರುವುದು.

ಯಂತ್ರದ ಮಾತನ್ನೂ ಹೇಳಬೇಕು. ಅಮೆರಿಕೆಯ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದು, 1893ರಲ್ಲಿ ಷಿಕಾಗೋ ನಗರದ ವಸ್ತುಪ್ರದರ್ಶನದಲ್ಲಿ ಅದನ್ನು ತೋರಿಸಿದಳು. ನಮ್ಮ ದೇಶದ ನಗರಗಳಲ್ಲಿ ಅದಕ್ಕೆ ಬೇಡಿಕೆ ಎದ್ದುಕಂಡುದು 2020ರಲ್ಲಿ, ಮನೆಗೆಲಸದವರು ಬರಲಾಗದ ದಿನಗಳಲ್ಲಿ. ಯಂತ್ರ ಹುಟ್ಟಿ ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅದು ನಮಗೆ ಬೇಡವಾಗಿದ್ದುದೇಕೆ? ಕೈಯ ಉಜ್ಜಿಗೆ ಸಮನಿಲ್ಲವೆಂದು ನಾವು ಹೇಳುವುದುಂಟು. ಹಿಟ್ಟು ಹತ್ತಿದ ಗಡಿಗೆಯ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಇನ್ನೊಂದು ನಿಜವೂ ಇದೆ: ಆ ಕೈ ಬಹುಮಟ್ಟಿಗೆ ನಮ್ಮದಾಗಿರಲಿಲ್ಲ. ಕೈಯಿಂದ ತೊಳೆಯುವುದೇ ಲೇಸೆಂದು ಹೇಳಿದವರು ಒಬ್ಬರು, ತೊಳೆದವರು ಇನ್ನೊಬ್ಬರು.

ಇಲ್ಲಿ ನಾವು ಚರಿತ್ರೆಯ ಕಹಿಯಾದ ಭಾಗಕ್ಕೆ ಬರುವೆವು. ಬೆಂದ ಅನ್ನ ತಗುಲಿದುದು ಮುಸುರೆ, ಬಾಯಿ ತಗುಲಿದುದು ಎಂಜಲು ಎಂಬ ವಿಂಗಡಣೆಯಲ್ಲಿ ಆರೋಗ್ಯದ ಎಚ್ಚರವೂ ಸ್ವಲ್ಪ ಇದ್ದಿತು. ಆದರೆ ಅದೇ ಮಾತು ಮನುಷ್ಯರ ಮೇಲೆ ತಿರುಗಿತು. ಹಗಲೆಲ್ಲ ಹೊಲದಲ್ಲಿ ದುಡಿದ ಆಳಿಗೆ ಜಗಲಿಯ ಕೆಳಗೆ ಬೇರೆ ತಟ್ಟೆ; ಹೋಟಲಿನಲ್ಲಿ ಬೇರೆ ಲೋಟ, ಅದನ್ನು ಕುಡಿದವನೇ ತೊಳೆದಿಟ್ಟು ಹೋಗಬೇಕೆಂಬ ಕಟ್ಟು. ಈ ಕಟ್ಟು ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ನಮ್ಮ ಸೀಮೆಗೆ ಹೊರಗಿನದೂ ಅಲ್ಲ. 1950ರ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಕಾಯಿದೆಯು ಹೋಟಲು, ಧರ್ಮಛತ್ರಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸಗೊಡದಿರುವುದನ್ನು ಹೆಸರಿಟ್ಟು ಅಪರಾಧವೆಂದಿತು. ಲೋಟದ ಮಾತನ್ನು ದೇಶದ ಶಾಸನವೇ ಆಡಬೇಕಾಗಿ ಬಂದುದನ್ನು ನೋಡಿದರೆ, ಪಾತ್ರೆ ತೊಳೆಯುವ ವಿಷಯ ಅಲ್ಪವೆಂದು ಇನ್ನು ಯಾರೂ ಹೇಳಲಾರರು.

ಬೂದಿಗೆ ಹಿಡಿದ ಕೊಳೆ ಯಾರ ಎಲೆಯದೆಂಬುದು ತಿಳಿಯದು. ಹುಣಿಸೆಯೂ ಕುಡಿದವರ ಕುಲವನ್ನು ಕೇಳದು. ಕ್ಷಾರ, ಆಮ್ಲ, ನೀರು ಮೂರೂ ತಮ್ಮ ಕೆಲಸವನ್ನು ಎಲ್ಲರ ಪಾತ್ರೆಗೂ ಸಮನಾಗಿ ಮಾಡಿದುವು. ತೊಳೆದ ಮೇಲೂ ಶುದ್ಧವಾಗದ ಲೋಟವೊಂದುಂಟೆಂದು ನಂಬಿದುದು ನಮ್ಮ ಮನಸ್ಸು. ಆದುದರಿಂದ ಹಳೆಯದರಲ್ಲಿ ಇಟ್ಟುಕೊಳ್ಳಬೇಕಾದುದನ್ನೂ ಬಿಡಬೇಕಾದುದನ್ನೂ ಬೇರೆಮಾಡಿ ನೋಡುವುದು ಕಷ್ಟವಲ್ಲ. ನೀರಿನ ಲೆಕ್ಕವನ್ನು ಇಟ್ಟುಕೊಳ್ಳೋಣ. ಸೌದೆಯ ಒಲೆ ಉರಿಯುವಲ್ಲಿ ಬೂದಿಯನ್ನು ಹೀಯಾಳಿಸದಿರೋಣ. ಎರಡು ಲೋಟಗಳ ಲೆಕ್ಕವನ್ನು ಬಿಡೋಣ. ಊಟವಾದ ಮೇಲೆ ತಟ್ಟೆಯನ್ನು ಬಚ್ಚಲಿಗೆ ಕೊಂಡೊಯ್ದು ತೊಳೆಯುವ ಕೆಲಸ ಮನೆಯ ಗಂಡಸರಿಗೂ ಹುಡುಗರಿಗೂ ಸೇರಿದ್ದೆಂಬುದನ್ನು ಅದರೊಡನೆ ಕಲಿತರೆ, ಇಷ್ಟು ದಿನ ಯಾವ ಕಲ್ಲಿಗೂ ಏರದೆ ದುಡಿದ ಕೈಗಳಿಗೆ ಸಲ್ಲಬೇಕಾದುದರಲ್ಲಿ ಸ್ವಲ್ಪವಾದರೂ ಸಂದಂತಾಗುವುದು.