ಬಲಂ ಸೀಮೆಯ ದಂಗೆ ಮತ್ತು ಬೇಹುಗಾರಿಕೆಯ ಕಾದಂಬರಿ: ಒಡೆಯನ ಗುರುತಿನ ಪ್ರಶ್ನೆ

ದಂಗೆಯ ಕಾಲದ ಬೇಹುಗಾರಿಕೆಯನ್ನು ವಸ್ತುವಾಗಿಸಿಕೊಂಡ ಐತಿಹಾಸಿಕ ಕಾದಂಬರಿಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಬೆನ್ನು ಹತ್ತುತ್ತವೆ: ಒಳಗಿದ್ದು ಸುದ್ದಿ ಮುಟ್ಟಿಸಿದವನು ಯಾರು? ಇಂದಿನ ಹಾಸನ ಜಿಲ್ಲೆಯ ಪಶ್ಚಿಮ ಭಾಗದಲ್ಲಿ 1799ರಿಂದ 1802ರವರೆಗೆ ನಡೆದ ಬಲಂ ದಂಗೆಯನ್ನು ಈ ಪ್ರಶ್ನೆಯಿಂದ ಓದಹೊರಟರೆ ದಾರಿ ತಪ್ಪುತ್ತದೆ. ಅಲ್ಲಿ ಜನ ಮೊದಲು ತೀರ್ಮಾನಿಸಿಕೊಳ್ಳಬೇಕಿದ್ದುದು ತಮ್ಮ ಒಡೆಯ ಯಾರು ಎಂಬುದನ್ನು. ದ್ರೋಹದ ಮಾತು ಬರುವುದು ಅದಾದ ಮೇಲೆ ಎಂಬುದು ಈ ಲೇಖನದ ವಾದ.

1. ಸೀಮೆ ಮತ್ತು ಮನೆತನ

ಅರಸೀಕೆರೆ, ಹಾರನಹಳ್ಳಿಯ ಕಡೆ ಬಯಲು. ಹಳೇಬೀಡು ದಾಟಿ ಬೇಲೂರಿಗೆ ಬಂದರೆ ಮಲೆನಾಡಿನ ಸೆರಗು. ಅಲ್ಲಿಂದಾಚೆ ಐಗೂರು, ಮಂಜರಾಬಾದು, ಬಿಸಿಲೆ ಘಾಟಿ. ಬಯಲಿನಲ್ಲಿ ಕುದುರೆ ದಂಡಿನದೇ ಮೇಲುಗೈ. ಕಾಡಿನಲ್ಲಿ ದಾರಿ ಬಲ್ಲವನದು. ಬೇಲೂರು ಈ ಎರಡರ ನಡುವಿನ ಬಾಗಿಲು, ಬಲಂ ಪಾಳೆಯಗಾರರ ಹಳೆಯ ನೆಲೆಯೂ ಹೌದು.

ಈ ಮನೆತನದ ನಿಷ್ಠೆ ಒಂದೇ ತಲೆಮಾರಿನಲ್ಲಿ ಹಲವು ಬಾರಿ ಮಗ್ಗುಲು ಬದಲಿಸಿತು. ಮೂರನೆಯ ಮೈಸೂರು ಯುದ್ಧದಲ್ಲಿ ಕೃಷ್ಣಪ್ಪ ನಾಯಕ ಮರಾಠರ ಪರಶುರಾಮ ಭಾವೂನ ದಂಡನ್ನು ಸೇರಿದ. 1792ರಲ್ಲಿ ಸಂಧಿಯಾದಾಗ ಟಿಪ್ಪುವಿನ ಸಿಟ್ಟಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಕರೆಸಿಕೊಂಡು ಐಗೂರು ಸೀಮೆಯನ್ನಷ್ಟೇ ಕೊಟ್ಟು, ಬಲಂನ ಉಳಿದ ಭಾಗವನ್ನು ಸರ್ಕಾರಕ್ಕೆ ಸೇರಿಸಿಕೊಂಡ. ಸಕಲೇಶಪುರದ ಬಳಿಯ ನಕ್ಷತ್ರಾಕಾರದ ಮಂಜರಾಬಾದು ಕೋಟೆ ಟಿಪ್ಪುವಿನ ಕಾಲದ್ದು; ಘಾಟಿಯ ದಾರಿಯನ್ನೂ ಪಾಳೆಯಗಾರನನ್ನೂ ಅಲ್ಲಿಂದಲೇ ಕಾಯಬಹುದಿತ್ತು.

2. ದಂಗೆ ಮತ್ತು ಸುದ್ದಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬಲಂ ಪಾಳೆಯಗಾರ ಸ್ವತಂತ್ರನಾಗಲು ಹೊರಟ. ಈಸ್ಟ್ ಇಂಡಿಯಾ ಕಂಪನಿಗೆ ಇದು ಸಣ್ಣ ತಲೆನೋವಾಗಿರಲಿಲ್ಲ. ಕೆನರಾದೊಂದಿಗಿನ ಸಂಪರ್ಕಕ್ಕೆ ಬಿಸಿಲೆ ಘಾಟಿ ಬೇಕಿತ್ತು. ಪಾಳೆಯಗಾರನ ನೆಲೆ ಅರಕೆರೆ. ದಟ್ಟ ಕಾಡು, ಕಂದಕ, ಮುಳ್ಳುಬೇಲಿಗಳ ನಡುವಿನ ಆ ಊರಿನ ಮೇಲೆ ಕಂಪನಿ ದಂಡು 1800ರ ಏಪ್ರಿಲಿನಲ್ಲಿ ಎರಗಿತು. ಮೊದಲ ಯತ್ನ ಸೋತಿತು. ಕರ್ನಲ್ ಮಾಂಟ್ರೆಸರನ ನೇತೃತ್ವದ ಎರಡನೆಯ ದಾಳಿ ಗೆದ್ದಿತು. ಆದರೆ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನಟ್ಟಲು ದಂಡು ಬೇಕಾದಾಗ ಪಾಳೆಯಗಾರ ಮತ್ತೆ ಬೇರೂರಿದ. 1802ರ ಜನವರಿ 16ರಂದು ಕಂಪನಿಯ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಅರಕೆರೆಯನ್ನು ಹಿಡಿದ. ಫೆಬ್ರವರಿಯಲ್ಲಿ ಪಾಳೆಯಗಾರ ಸೆರೆಸಿಕ್ಕಿ ಗಲ್ಲಿಗೇರಿದ.

ಕಾಡಿನ ಈ ಯುದ್ಧ ಸುದ್ದಿಯನ್ನು ಅವಲಂಬಿಸಿತ್ತು. ವೆಲ್ಲೆಸ್ಲಿಯ ಪತ್ರಗಳ ತುಂಬ ಹರಿಕಾರರು ತಂದ ವರ್ತಮಾನಗಳಿವೆ. ಮೈಸೂರಿನಲ್ಲಿ ಇದಕ್ಕೊಂದು ಹಳೆಯ ಏರ್ಪಾಟೂ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ನೆಲೆಗೊಂಡು ಹೈದರನ ಕಾಲದಲ್ಲಿ ಹಬ್ಬಿದ ಅಂಚೆ ಬರಿಯ ಪತ್ರ ಸಾಗಿಸುವ ಇಲಾಖೆಯಾಗಿರಲಿಲ್ಲ. ಅಂಚೆಯ ಅಧಿಕಾರಿಗಳು ಅರಮನೆಯ ಗುಪ್ತ ವರದಿಗಾರರು, ಕೆಳಗಿನ ನೌಕರರು ಬೇಹಿನವರು ಎಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೂ ಅದು ಮೈಸೂರಿನದೇ ವ್ಯವಸ್ಥೆಯಾಗಿತ್ತು.

ಈ ಏರ್ಪಾಟಿನ ಮೇಲೆ ಕುಳಿತಿದ್ದವನು ಪೂರ್ಣಯ್ಯ. ಟಿಪ್ಪುವಿನ ಮಂತ್ರಿಯಾಗಿದ್ದವನು ಈಗ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನ. ಬಲಂ ಕಾರ್ಯಾಚರಣೆಯಲ್ಲಿ ವೆಲ್ಲೆಸ್ಲಿಗೆ ನೆರವು. ಅವನನ್ನು ಪಕ್ಷಾಂತರಿ ಎನ್ನುವುದಾದರೆ ಬಲಂ ನಾಯಕನನ್ನೂ ಹಾಗೆಯೇ ಕರೆಯಬೇಕಾಗುತ್ತದೆ. ಒಬ್ಬ ಗೆದ್ದ ಪಕ್ಷದಲ್ಲಿ ಉಳಿದ, ಇನ್ನೊಬ್ಬ ಉಳಿಯಲಿಲ್ಲ. ನಿಷ್ಠೆಯ ಅಳತೆಗೋಲಿನಲ್ಲಿ ಅವರ ನಡುವೆ ಅಂತರ ತೋರಿಸುವುದು ಕಷ್ಟ.

3. ಹೆಸರಿನ ಗೊಂದಲ

ಗಲ್ಲಿಗೇರಿದವನ ಹೆಸರೇನು? ಕಂಪನಿಯ ಪತ್ರಗಳಲ್ಲಿ, ಅವನ್ನು ಆಧರಿಸಿದ ಕೆ. ರಾಜಯ್ಯನ್ ಅವರ 1971ರ ಅಧ್ಯಯನದಲ್ಲಿ ಅವನು ಕೃಷ್ಣಪ್ಪ ನಾಯಕ. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಪ್ರಕಾರ ಅವನು ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕ. ಹರಿಕಾರನಿಗೂ ದಂಡನಾಯಕನಿಗೂ ಮನೆತನದ ಹೆಸರೇ ಸಾಕಾಗಿದ್ದಿರಬಹುದು. ಸ್ಥಳೀಯರಿಗೆ ಮಾತ್ರ ಅಪ್ಪ ಯಾರು, ಮಗ ಯಾರು ಎಂಬುದು ಮುಖ್ಯವಾಗಿತ್ತು. ಯಾವ ಆಕರ ಯಾರಿಂದ ಸುದ್ದಿ ಪಡೆಯಿತು ಎಂಬುದನ್ನು ಈ ಒಂದು ವ್ಯತ್ಯಾಸವೇ ಸೂಚಿಸುತ್ತದೆ.

ಮುಂದಿನ ಎರಡು ದಂಗೆಗಳಲ್ಲಿ ಗುರುತಿನ ಈ ಪ್ರಶ್ನೆ ಕಥೆಯ ಕೇಂದ್ರಕ್ಕೇ ಬಂತು. 1830ರಲ್ಲಿ ಸಾದರಮಲ್ಲನೆಂಬವನು ನಗರದ (ಕೆಳದಿಯ) ಹಳೆಯ ಅರಸರ ಮುದ್ರೆಗಳನ್ನು ಸಂಪಾದಿಸಿ, ಬೂದಿ ಬಸವಪ್ಪನಾಗಿ ಕೆಳದಿಯ ಗಾದಿಗೆ ಹಕ್ಕು ಹೂಡಿದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಅವನ ಪಕ್ಷ ವಹಿಸಿದ. 1837ರಲ್ಲಿ ಪುಟ್ಟಬಸಪ್ಪ ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯೆಂದು ಹೇಳಿಕೊಂಡ. ಅವನ ಪಡೆ ಮಂಗಳೂರಿನವರೆಗೂ ಸಾಗಿತು. ಇಂಥಲ್ಲಿ ಬೇಹಿನವನ ಕೆಲಸ ಗುಟ್ಟು ಕದಿಯುವುದಷ್ಟೇ ಆಗಿರಲಿಲ್ಲ. ಈತ ಅವನೇ ಹೌದೋ ಅಲ್ಲವೋ ಎಂದು ಹೇಳುವುದೂ ಆಗಿತ್ತು.

4. ಕಾದಂಬರಿಗೆ ಇದರಿಂದ ಏನು?

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಪತನವನ್ನು ಚಿತ್ರಿಸುವಾಗ ಕಂಪನಿಯ ಕಡೆಗೆ ಹೊರಳುವ ಮಂತ್ರಿ ಬೋಪಣ್ಣನ ಮನಸ್ಸಾಕ್ಷಿಗೆ ಭಾರ ಹೊರಿಸುತ್ತದೆ. ಅಲ್ಲಿ ರಾಜ ಯಾರೆಂಬುದು ಎಲ್ಲರಿಗೂ ಗೊತ್ತು; ಅವನು ಯೋಗ್ಯನೇ ಎಂಬುದು ಪ್ರಶ್ನೆ. ನಿರಂಜನರ ‘ಕಲ್ಯಾಣಸ್ವಾಮಿ’ 1837ರ ದಂಗೆಯನ್ನೇ ವಸ್ತುವಾಗಿಸಿಕೊಂಡಿದೆ. ಈ ಸಾಲಿನಲ್ಲಿ ಬಲಂ ದಂಗೆಯನ್ನು ಪತ್ತೇದಾರಿ ಕಾದಂಬರಿಯಾಗಿ ಬರೆಯುವವರಿಗೆ ದ್ರೋಹಿಯ ಹುಡುಕಾಟಕ್ಕಿಂತ ಹೆಚ್ಚು ಫಲವತ್ತಾದ ಎಳೆಯೊಂದು ದಾಖಲೆಯಲ್ಲೇ ಇದೆ. ಹತ್ತು ವರ್ಷಗಳೊಳಗೆ ಮರಾಠರು, ಟಿಪ್ಪು, ಕಂಪನಿ ಮತ್ತು ಒಡೆಯರ ಹೆಸರಿನ ಆಜ್ಞೆಗಳನ್ನು ಕಂಡ ಸೀಮೆಯಲ್ಲಿ ಪಟೇಲ, ಶಾನುಭೋಗರು ಯಾರ ಹೆಸರಿಗೆ ಲೆಕ್ಕ ಬರೆಯಬೇಕಿತ್ತು? ಆ ಲೆಕ್ಕದ ಮೇಲಿನ ಹೆಸರು ಬದಲಾದ ದಿನವೇ ನಿಷ್ಠೆಯೂ ಬದಲಾಯಿತೆಂದು ನಂಬಿದ್ದು ಸರ್ಕಾರಗಳು. ಊರಿನವರು ಹಾಗೆ ನಂಬಬೇಕಾಗಿರಲಿಲ್ಲ. ಕಾದಂಬರಿಕಾರನಿಗೂ ಸಂಶೋಧಕನಿಗೂ ಕೆಲಸವಿರುವುದು ಈ ಎರಡು ನಂಬಿಕೆಗಳ ನಡುವಿನ ಅಂತರದಲ್ಲಿ.