ಗುಡ್ಡಗಾಡಿನ ಓಟಪಥ

ನಾಸಿಕದಿಂದ ದಿಂಡೋರಿ, ವಣಿ ಮಾರ್ಗವಾಗಿ ಸಪ್ತಶೃಂಗಿ ದೇವಿಯ ದರ್ಶನಕ್ಕೆ ಹೋಗಿಬಂದವರು ಮುಂಬಯಿ ಕನ್ನಡಿಗರಲ್ಲಿ ಅನೇಕರಿದ್ದಾರೆ. ದಿಂಡೋರಿಯ ದ್ರಾಕ್ಷಿ ತೋಟಗಳ ನಡುವೆ ನಿರಾತಂಕವಾಗಿ ಸಾಗುವ ರಸ್ತೆ ನಾಂದುರಿಯನ್ನು ದಾಟಿದೊಡನೆ ಗುಡ್ಡವನ್ನು ಸುತ್ತಿ ಸುತ್ತಿ ಏರತೊಡಗುತ್ತದೆ. ಇಂಥ ಏರು, ಇಳಿವು, ತಿರುವುಗಳ ಹಾದಿಯಲ್ಲಿ ಇಂದು ನಮ್ಮ ಮನೆಯ ಹುಡುಗರು ಕುಳಿತಲ್ಲಿಂದಲೇ ಕಾರು ಓಡಿಸುತ್ತಾರೆ. ಮೇಜಿಗೆ ಬಿಗಿದ ಸ್ಟಿಯರಿಂಗ್, ಕಾಲಡಿಯಲ್ಲಿ ಪೆಡಲುಗಳು, ಎದುರಿಗೆ ಕಂಪ್ಯೂಟರಿನ ಪರದೆ; ಈ ಆಟಕ್ಕೆ ಸಿಮ್ ರೇಸಿಂಗ್ ಎಂದು ಹೆಸರು. ಆದರೆ ಅವರು ಮೆಚ್ಚಿ ಏರುವ ಗುಡ್ಡ ಸಹ್ಯಾದ್ರಿಯದಲ್ಲ, ಜರ್ಮನಿಯದು. ಮನೆಯ ಬಾಗಿಲಲ್ಲೇ ಘಟ್ಟಗಳಿರುವ ನಮಗೆ ಪರದೇಶದ ಗುಡ್ಡವೇಕೆ ಬೇಕಾಯಿತು? ಉತ್ತರ ಇತಿಹಾಸದಲ್ಲಿದೆ.

ಜರ್ಮನಿಯ ಐಫೆಲ್ ಬೆಟ್ಟಸೀಮೆ ಒಂದು ಕಾಲಕ್ಕೆ ಬಡತನದ ನಾಡು. ಅಲ್ಲಿಯ ನಿರುದ್ಯೋಗಿಗಳ ಕೈಗೆ ಕೆಲಸ ಕೊಡುವುದಕ್ಕಾಗಿಯೂ 1925ರಲ್ಲಿ ನೂರ್ಬುರ್ಗ್‌ರಿಂಗ್ ಎಂಬ ಓಟಪಥದ ನಿರ್ಮಾಣ ಆರಂಭವಾಯಿತು. 1927ರ ಜೂನ್‌ನಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಅದರ ಉತ್ತರದ ಸುತ್ತು ಇಂದಿಗೂ ಸುಮಾರು 20.8 ಕಿಲೋಮೀಟರ್ ಉದ್ದವಿದೆ. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ನಡುವೆ ಸುಮಾರು 300 ಮೀಟರ್ ಅಂತರವಿದೆ. ಆಸ್ಟ್ರೇಲಿಯದ ಬಾಥರ್ಸ್ಟ್ ಪಟ್ಟಣದ ಮೌಂಟ್ ಪನೋರಮಾ ಪಥದ ಕಥೆಯೂ ಇಂಥದೇ. ನಿರುದ್ಯೋಗ ಪರಿಹಾರದ ಹಣದಿಂದ ಗುಡ್ಡದ ಮೇಲೆ ವಿಹಾರದ ರಸ್ತೆಯೆಂದು ಅದನ್ನು ಕಡಿದರು; 1938ರಲ್ಲಿ ಅದರ ಮೇಲೆ ಕಾರುಗಳು ಓಡಿದವು. ಜಗತ್ತಿನ ಎರಡು ಶ್ರೇಷ್ಠ ಗುಡ್ಡಗಾಡಿನ ಪಥಗಳ ಹಿಂದೆ ಹೀಗೆ ಕೂಲಿಕಾರರ ಗುದ್ದಲಿಯಿದೆ.

ದಖ್ಖನದಲ್ಲಿ ಬರಗಾಲದ ಕಾಮಗಾರಿಗಳೇನು ಕಡಿಮೆಯೇ? ಆ ಕಾಮಗಾರಿಗಳಲ್ಲಿ ಕೆರೆ, ಕಾಲುವೆ, ರಸ್ತೆಗಳಾದವು. ಅವು ಹೊಟ್ಟೆಯ ಹಾಗೂ ಬೇಸಾಯದ ಅಗತ್ಯಗಳು. ಮೋಟಾರು ಪಂದ್ಯಕ್ಕೆ ನಮ್ಮಲ್ಲಿ ದೊರೆತದ್ದು ಯುದ್ಧವು ಬಿಟ್ಟುಹೋದ ವಿಮಾನಪಟ್ಟಿ. 1953ರಲ್ಲಿ ಸ್ಥಾಪಿತವಾದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು, ಎರಡನೆಯ ಮಹಾಯುದ್ಧ ಕಾಲದ ಶೋಳಾವರಂ ಪಟ್ಟಿಯ ಮೇಲೆ ದಶಕಗಳ ಕಾಲ ಸ್ಪರ್ಧೆ ನಡೆಸಿತು. ವಿಮಾನ ಇಳಿಯುವ ನೆಲ ಸಮತಟ್ಟಾಗಿಯೇ ಇರಬೇಕಷ್ಟೆ! 1990ರಲ್ಲಿ ಇರುಂಗಾಟ್ಟುಕೋಟೆಯಲ್ಲಿ ಕ್ಲಬ್ಬಿನ ಸ್ವಂತ ಪಥವಾಯಿತು; ಅದೂ ಬಯಲು ನೆಲವೇ. 2011ರಲ್ಲಿ ದೆಹಲಿಯ ಬಳಿ ಬುದ್ಧ ಅಂತರರಾಷ್ಟ್ರೀಯ ಪಥವನ್ನು ಕಟ್ಟಿದಾಗ ಮಾತ್ರ ಮಣ್ಣು ತುಂಬಿ ಏರಿಳಿತಗಳನ್ನು ಉದ್ದೇಶಪೂರ್ವಕವಾಗಿ ನಿರ್ಮಿಸಬೇಕಾಯಿತು. ಅಲ್ಲಿ ಫಾರ್ಮುಲಾ ಒನ್ ಸ್ಪರ್ಧೆ ನಡೆದದ್ದು 2011ರಿಂದ 2013ರವರೆಗೆ ಮೂರು ವರ್ಷ ಮಾತ್ರ. ನಮ್ಮ ಗುಡ್ಡಗಳು ರ‍್ಯಾಲಿಯವರ ಪಾಲಿಗೂ ಬಸ್ಸಿನವರ ಪಾಲಿಗೂ ಉಳಿದವು.

ಗುಡ್ಡದ ಪಥದ ಹಿರಿಮೆ ಏನೆಂದು ವಾಚಕರು ಕೇಳಬಹುದು. ದಿಬ್ಬದ ನೆತ್ತಿಯನ್ನು ವೇಗವಾಗಿ ದಾಟುವಾಗ ಕಾರು ಹಗುರಾಗುತ್ತದೆ, ಟೈರುಗಳ ಹಿಡಿತ ಸಡಿಲುತ್ತದೆ. ಆದುದರಿಂದ ಬ್ರೇಕನ್ನು ನೆತ್ತಿಗಿಂತ ಮೊದಲೇ ಒತ್ತಿ ಮುಗಿಸಬೇಕು. ತಗ್ಗಿನ ತಳದಲ್ಲಿ ಇದಕ್ಕೆ ವಿರುದ್ಧ: ಭಾರ ಒತ್ತಿ ಹಿಡಿತ ಬಲಿಯುತ್ತದೆ. ಇಳಿಜಾರಿನಲ್ಲಿ ಭಾರ ಮುಂದಿನ ಗಾಲಿಗಳಿಗೆ ಸರಿದು ಹಿಂಭಾಗ ಹಗುರಾಗುವುದರಿಂದ, ತಿರುವಿನ ನಡುವೆ ಹಠಾತ್ತನೆ ಬ್ರೇಕ್ ಒತ್ತಿದರೆ ಕಾರು ತಿರುಗಿ ನಿಲ್ಲುತ್ತದೆ. ತಿರುವುಗಳು ಒಂದಕ್ಕೊಂದು ಹೆಣೆದುಕೊಂಡಿರುವಲ್ಲಿ ಮೊದಲನೆಯದರಲ್ಲಿ ದುರಾಸೆಪಟ್ಟವನು ಕೊನೆಯದರಲ್ಲಿ ದಂಡ ತೆರುತ್ತಾನೆ. ಕಾಣುವ ತಿರುವಿಗಿಂತ ಕಾಣದ ತಿರುವನ್ನು ನೆನಪಿನಲ್ಲಿಟ್ಟು ಓಡಿಸುವುದೇ ಈ ವಿದ್ಯೆಯ ಸಾರ.

ಈ ವಿದ್ಯೆಗೆ ತೆತ್ತ ಬೆಲೆ ದೊಡ್ಡದು. ನೂರ್ಬುರ್ಗ್‌ರಿಂಗಿಗೆ 'ಹಸಿರು ನರಕ'ವೆಂದು ಹೆಸರಿಟ್ಟವನು ಅಲ್ಲಿ ಗೆದ್ದ ಜಾಕಿ ಸ್ಟೀವರ್ಟನೇ. 1976ರಲ್ಲಿ ನಿಕಿ ಲೌಡಾನ ಕಾರು ಅಲ್ಲಿ ಅಪ್ಪಳಿಸಿ ಬೆಂಕಿ ಹೊತ್ತಿ, ಆತ ಮರಣದ ಅಂಚಿಗೆ ಹೋಗಿಬಂದ. ಫಾರ್ಮುಲಾ ಒನ್ ಮತ್ತೆಂದೂ ಆ ಹಳೆಯ ಸುತ್ತಿಗೆ ಮರಳಲಿಲ್ಲ.

ಆ ಪಥವನ್ನು ಕಂಪ್ಯೂಟರು ಲೋಕದ ಮನೆಮನೆಗೆ ತಂದಿತು. 1998ರ 'ಗ್ರಾಂ ಪ್ರಿ ಲೆಜೆಂಡ್ಸ್' ಎಂಬ ಆಟ 1967ರ ಸ್ಪರ್ಧಾವರ್ಷವನ್ನು, ಹಳೆಯ ನೂರ್ಬುರ್ಗ್‌ರಿಂಗ್ ಸಮೇತ, ಪರದೆಯ ಮೇಲೆ ನಿಲ್ಲಿಸಿತು. 2008ರಲ್ಲಿ ಬಂದ 'ಐರೇಸಿಂಗ್', ನಿಜವಾದ ಪಥಗಳನ್ನು ಲೇಸರ್ ಕಿರಣದಿಂದ ಅಳೆದು ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನೂ ದಾಖಲಿಸಿತು. ಏರಿಳಿತದ ತೂಕ ಮೈಗೆ ತಿಳಿಯದಿದ್ದರೂ, ಸ್ಟಿಯರಿಂಗಿಗೆ ಅಳವಡಿಸಿದ ಮೋಟಾರು ಟೈರಿನ ಹಿಡಿತವನ್ನು ಕೈಗೆ ತಿಳಿಸುತ್ತದೆ. ಇದು ಬರಿಯ ಆಟವೆಂದು ತಳ್ಳಿಹಾಕುವಂತಿಲ್ಲ. 2011ರಲ್ಲಿ 'ಗ್ರ್ಯಾನ್ ಟುರಿಸ್ಮೊ' ಆಟದ ಸ್ಪರ್ಧೆಯಲ್ಲಿ ಗೆದ್ದ ಬ್ರಿಟಿಷ್ ತರುಣ ಜಾನ್ ಮಾರ್ಡನ್‌ಬರೊ ನಿಜವಾದ ಓಟಗಾರನೇ ಆದ. ಸ್ವಂತ ಪಥವೂ ಸಿರಿವಂತಿಕೆಯೂ ಇಲ್ಲದ ನಾಡಿನ ತರುಣನಿಗೆ ಇದು ಸಣ್ಣ ಬಾಗಿಲೇನಲ್ಲ.

ಆದರೆ ಒಂದು ಮಾತನ್ನು ಮನೆಯ ಹಿರಿಯರಾಗಿ ನಾವು ಹೇಳಲೇಬೇಕು. ಪರದೆಯ ಮೇಲೆ ಕಂದಕಕ್ಕೆ ಬಿದ್ದವನು ಗುಂಡಿಯೊತ್ತಿ ಮತ್ತೆ ಹೊರಡುತ್ತಾನೆ. 2008ರ ಜನವರಿಯಲ್ಲಿ ಸಪ್ತಶೃಂಗಿಯ ಘಾಟಿನಿಂದ ಕಂದರಕ್ಕೆ ಉರುಳಿದ ಬಸ್ಸಿನ ನಲವತ್ತಕ್ಕೂ ಹೆಚ್ಚು ಯಾತ್ರಿಕರು ಮರಳಲಿಲ್ಲ. ಘಟ್ಟದ ರಸ್ತೆಯಲ್ಲಿ ತಿರುವಿನಾಚೆ ಬರುವವರು ಪ್ರತಿಸ್ಪರ್ಧಿಗಳಲ್ಲ. ದೇವಿಗೆ ಹೊರಟ ಮುದುಕಿ, ದ್ರಾಕ್ಷಿ ಹೊತ್ತ ಟೆಂಪೊ, ಶಾಲೆಯಿಂದ ಮರಳುವ ಮಗು. ಓಟದ ಹುರುಪನ್ನು ಮೇಜಿನ ಬಳಿ ತೀರಿಸಿಕೊಂಡು, ಕಾಣದ ತಿರುವನ್ನು ಗೌರವಿಸುವ ಪಾಠವನ್ನಷ್ಟೇ ರಸ್ತೆಗೆ ಒಯ್ದರೆ, ಐಫೆಲ್ ಕೂಲಿಕಾರರ ಗುದ್ದಲಿ ನಮಗೂ ಉಪಕಾರ ಮಾಡಿದಂತೆಯೇ ಸರಿ.